ನೆರೆಗೂ ಗ್ಯಾಸಿಗೂ ಒಂದೇ ಪ್ಲಾನ್ – ಬೈಕಂಪಾಡಿಯ ಐಸ್ ಪ್ಲಾಂಟಲ್ಲಿ ನನ್ನ ಅನುಭವ

ನಮ್ಮ ಪ್ಲಾಂಟಿನ ತುರ್ತು ಪ್ಲಾನಲ್ಲಿ ನೆರೆಗೆ ಒಂದು ಫೈಲು, ಐಸಿಗೆ ತಂಪು ಕೊಡುವ ವಿಷಗ್ಯಾಸ್ ಅಮೋನಿಯಾ ಲೀಕಾದ್ರೆ ಅಂತ ಇನ್ನೊಂದು ಫೈಲು. ಎರಡನ್ನೂ ಸೇರಿಸುವ ಅಂದಾಗ ಪ್ಲಾನ್ ಬರ್ಕೊಟ್ಟ ಕನ್ಸಲ್ಟೆಂಟೇ "ನೆರೆ ಕಾರ್ಪೊರೇಷನ್ ನೋಡ್ಕೊಳ್ತದೆ ಸರ್, ನೀವು ಗ್ಯಾಸ್ ನೋಡಿ" ಅಂದ್ರು. ಆದ್ರೆ ಮಳೆಗಾಲದಲ್ಲಿ ಇವೆರಡು ಬೇರೆ ಬೇರೆ ಬರುದಿಲ್ಲ ಮಾರಾಯ್ರೆ. 2018 ಮೇ 29ಕ್ಕೆ ನಮ್ಮ ಮಂಗಳೂರು ಮುಳುಗಿದ ಮಳೆ ನೆನಪುಂಟಲ್ಲ? ಅಂಥ ದಿನ ಕರೆಂಟ್ ಹೋಗ್ತದೆ, ಕಂಪ್ರೆಸರ್ ನಿಲ್ತದೆ, ಲೋ ಸೈಡಲ್ಲಿ, ಅಂದ್ರೆ ಅಮೋನಿಯಾ ಕಡಿಮೆ ಒತ್ತಡದಲ್ಲಿರುವ ಪೈಪುಗಳಲ್ಲಿ, ಪ್ರೆಶರ್ ಏರ್ಲಿಕ್ಕೆ ಶುರು, ಅಷ್ಟರಲ್ಲಿ ಡಿಜಿ (ಡೀಸೆಲ್ ಜನರೇಟರ್) ಪ್ಯಾನೆಲ್ ಬುಡಕ್ಕೆ ನೀರು, ಮತ್ತೆ ಅಪಾಯದಲ್ಲಿ ಎಲ್ಲರೂ ಸೇರುವ ನಮ್ಮ ಅಸೆಂಬ್ಲಿ ಪಾಯಿಂಟ್ ಇದ್ದದ್ದು ತೋಡಿನ ಬದಿಯಲ್ಲಿ, ಮೊದಲು ಮುಳುಗುವ ಜಾಗದಲ್ಲೇ.

ಪ್ಯಾನೆಲ್ ಮೂರಡಿ ಎತ್ತರಿಸ್ಲಿಕ್ಕೆ ಸುಮಾರು ಒಂದೂಕಾಲು ಲಕ್ಷ ಆಯ್ತು, ಧಣಿಗಳನ್ನು ಒಪ್ಪಿಸ್ಲಿಕ್ಕೆ ಎರಡು ಮಳೆಗಾಲ ಹೋಯ್ತು. ಹದಿನೆಂಟು ಸಾವಿರದ ಸೈರನ್ ದಂಡ, ಶೀಟಿನ ಮೇಲೆ ಮಳೆ ಬಡಿಯುವಾಗ ಪಕ್ಕದ ಶೆಡ್ಡಿಗೂ ಕೇಳುದಿಲ್ಲ. ತಿರುಗುವ ಲೈಟು, ಕೈಯಲ್ಲಿ ತಿರುಗಿಸುವ ಸೈರನ್ ಎರಡೂ ಸೇರಿ ಅದರ ಅರ್ಧ ದುಡ್ಡಲ್ಲಿ ಆಯ್ತು. ಗಾಳಿಯ ದಿಕ್ಕು ತೋರಿಸುವ ಬಟ್ಟೆ ಚೀಲ, ವಿಂಡ್‌ಸಾಕ್, ಜೂನಲ್ಲೇ ಹರಿದು ಚಿಂದಿ, ಕುಳಾಯಿಯ ಟೈಲರೊಬ್ರು ಕೊಡೆ ಬಟ್ಟೆಯಲ್ಲಿ ಹೊಲಿದು ಕೊಟ್ಟದ್ದು ಎರಡನೇ ಮಳೆಗಾಲಕ್ಕೂ ನಿಂತಿದೆ.

ಗಾಳಿ ವಿಷಯಕ್ಕೆ ಬಂದ್ರೆ, ಹಗಲು ಕಡಲಗಾಳಿ, ರಾತ್ರಿ ನೆಲದ ಗಾಳಿ ಅಂತ ಎಲ್ಲರಿಗೂ ಗೊತ್ತು, ಶೆಡ್ಡುಗಳ ಮಧ್ಯೆ ಅದು ಹೇಗೆ ತಿರುಗ್ತದೆ ಅಂತ ಯಾರೂ ನೋಡಿರ್ಲಿಲ್ಲ. ಒದ್ದೆ ತೆಂಗಿನ ಸಿಪ್ಪೆ ತರಿಸಿ ಕಂಪ್ರೆಸರ್ ರೂಮಿನ ಹೊರಗೆ ಹೊಗೆ ಹಾಕಿದೆ. ವಿಂಡ್‌ಸಾಕ್ ಮೂಡು ದಿಕ್ಕಿಗೆ ಹಾರ್ತಾ ಇತ್ತು, ಹೊಗೆ ಮಾತ್ರ ಕಂಪೌಂಡ್ ಗೋಡೆಗೆ ಬಡಿದು ವಾಪಸು ಬಂದು ಕ್ಯಾಂಟೀನ್ ಬಾಗಿಲಲ್ಲಿ ನೆಲಕ್ಕೆ ಕೂತಿತು! ಅಮೋನಿಯಾ ಹಗುರ ಅಂತ ನಂಬಿ ಕೂರ್ಬೇಡಿ, ಲಿಕ್ವಿಡ್ ಲೀಕಾದ್ರೆ ಅದು ತಣ್ಣಗೆ ಮಂಜಿನ ಹಾಗೆ ಹೀಗೇ ನೆಲ ಹಿಡಿದು ಹೋಗುದು. ಆ ದಿನವೇ ಗಾಳಿ ನೋಡಿ ಸೇರ್ಲಿಕ್ಕೆ ಎರಡು ಜಾಗ ಮಾಡಿದೆ, ಕೆಂಪು ಗೇಟು, ನೀಲಿ ಗೇಟು, ಎರಡೂ ಎತ್ತರದಲ್ಲಿ. ಒಡಿಶಾ, ಬಿಹಾರದ ಹುಡುಗರಿಗೆ ತೆಂಕು ಬಡಗು ಅಂದ್ರೆ ಅರ್ಥ ಆಗುದಿಲ್ಲ, ಬಣ್ಣ ಆಗ್ತದೆ.

ರೆಡ್ ಅಲರ್ಟೂ ಉಬ್ಬರದ ಹೊತ್ತೂ ಒಟ್ಟಿಗೆ ಬಿದ್ರೆ ತೋಡಿನ ನೀರು ಹೊಳೆಗೆ ಇಳಿಯುದಿಲ್ಲ. ಅಂಥ ದಿನ ಸಂಜೆಯೊಳಗೇ ಪಂಪ್‌ಡೌನ್, ಅಂದ್ರೆ ಲೈನಲ್ಲಿರುವ ಅಮೋನಿಯಾವನ್ನೆಲ್ಲ ರಿಸೀವರ್ ಟ್ಯಾಂಕಿಗೆ ಎಳೆದಿಡುದು, ಆ ಟ್ಯಾಂಕು 80% ದಾಟ್ಬಾರ್ದು.

ಕಳೆದ ಜುಲೈಯಲ್ಲಿ ಒಂದು ರಾತ್ರಿ ಕರೆಂಟ್ ಹೋಯ್ತು, ಮೇನ್ ಗೇಟಲ್ಲಿ ಮೊಣಕಾಲು ನೀರು, ಅದೇ ಹೊತ್ತಿಗೆ ವಾಲ್ವ್ ಗ್ಲ್ಯಾಂಡಿಂದ (ವಾಲ್ವಿನ ದಂಡಿನ ಸುತ್ತ ಇರುವ ಸೀಲ್) ಅಮೋನಿಯಾ ವಾಸನೆ. ಡಿಜಿ ಸ್ಟಾರ್ಟ್ ಆಯ್ತು, ಹತ್ತು ನಿಮಿಷದೊಳಗೆ ಮೂವತ್ತು ಚಿಲ್ಲರೆ ಜನ ನೀಲಿ ಗೇಟಲ್ಲಿ, ತಲೆ ಲೆಕ್ಕ ಸರಿ. ಪಂಪ್‌ಡೌನ್ ಆಗಿ ಲೈನಲ್ಲಿ ಲಿಕ್ವಿಡ್ಡೇ ಇಲ್ಲದ ಕಾರಣ ಗ್ಲ್ಯಾಂಡ್ ಬಿಗಿ ಮಾಡಿದಲ್ಲಿಗೆ ಮುಗೀತು. ಈಗ ಅದೇ ಕನ್ಸಲ್ಟೆಂಟ್ ನನ್ನ ಲೇಔಟ್ ಕೇಳ್ತಿದ್ದಾರೆ.

ನೈಟ್ ಶಿಫ್ಟಿನವರನ್ನು ಡ್ರಿಲ್ಲಿಗೆ ತಪ್ಪದೆ ಬರಿಸುದು ಹೇಗೆ ಅಂತ ಇಲ್ಲಿ ಬರೆಯುದಿಲ್ಲ, ಪ್ಲಾಂಟಿಗೆ ಬನ್ನಿ ಹೇಳ್ತೇನೆ. ಹೊಗೆ ಟೆಸ್ಟ್ ಮಾತ್ರ ಮೇ ತಿಂಗಳ ಗುಡುಗಿನ ಸಂಜೆ ಒಮ್ಮೆ, ಜುಲೈಯಲ್ಲಿ ಮಳೆ ಬಿಟ್ಟಾಗ ಇನ್ನೊಮ್ಮೆ ಮಾಡಿ, ನಮ್ಮಲ್ಲಿ ಎರಡು ಸಲವೂ ಬೇರೆ ಬೇರೆ ಗೇಟು ಸೇಫ್ ಅಂತ ಬಂದಿದೆ.