ರವೆ ಉಂಡೆ ಜಗಳ ನಿಂತಿದ್ದು ಹೀಗೆ

ಗೋಕುಲಾಷ್ಟಮಿಗೆ ಅತ್ತೆ ಊರಿಂದ ಒಂದು ಡಬ್ಬಿ ರವೆ ಉಂಡೆ ಕಳಿಸಿದ್ದರು. ಎರಡೇ ದಿನಕ್ಕೆ ಮನೆ ಕುರುಕ್ಷೇತ್ರ. ‘ಅಣ್ಣ ಜಾಸ್ತಿ ತಿಂದ’ ಅಂತ ಮಗಳು, ‘ಅವಳೇ ಕದ್ದಳು’ ಅಂತ ಮಗ. ಕೊನೆಗೆ ಮಗಳು ಒಂದು ಉಂಡೆಯೊಳಗೆ ಖಾರದ ಪುಡಿ ತುಂಬಿಟ್ಟಳು. ಅವನು ಎಷ್ಟು ನೀರು ಕುಡಿದರೂ ಉರಿ ಇಳಿಯಲಿಲ್ಲ. ಮೆಣಸಿನಕಾಯಿ ಖಾರ ನೀರಲ್ಲಿ ಅಷ್ಟಾಗಿ ಕರಗುವುದಿಲ್ಲ, ಅಲ್ವಾ? ಗಟ್ಟಿ ಮೊಸರು ತಿನ್ನಿಸಿದ ಮೇಲೆ ಸುಮ್ಮನಾದ. ಸೇಡಿಗೆ ಸಕ್ಕರೆ ಡಬ್ಬಿಗೆ ಉಪ್ಪು ಸುರಿದ. ಸಿಕ್ಕಿಬಿದ್ದದ್ದು ಮಾತ್ರ ನಾನು, ಬೆಳಗಿನ ಕಾಫಿ ಕುಡಿಯುವಾಗ!

ಬೈದೆ. ಡಬ್ಬಿಯನ್ನು ಅಟ್ಟಕ್ಕೆ ಹಾಕಿದೆ. ಸ್ಟೂಲ್ ಇದ್ದ ಮನೆಯಲ್ಲಿ ಅಟ್ಟ ಯಾವ ಲೆಕ್ಕ!

ಆಮೇಲೆ ಹಳೇ ಉಪಾಯ ನೆನಪಾಯಿತು. ಒಬ್ಬರು ಎರಡು ಪಾಲು ಮಾಡಬೇಕು, ಇನ್ನೊಬ್ಬರು ಮೊದಲು ಆರಿಸಬೇಕು. ಮರುದಿನ ಸರದಿ ಬದಲು. ಮಗ ತಟ್ಟೆಯಲ್ಲಿ ಉಂಡೆಗಳನ್ನು ಅಳೆದೂ ಸುರಿದೂ ಜೋಡಿಸಿದ್ದನ್ನು ನೋಡಬೇಕಿತ್ತು, ಅಕ್ಕಸಾಲಿಗ ಚಿನ್ನ ತೂಗಿದ ಹಾಗೆ. ತಂಗಿ ಯಾವ ಪಾಲು ಎತ್ತುತ್ತಾಳೋ ಗೊತ್ತಿಲ್ಲವಲ್ಲ. ಖಾರ ತುಂಬುವ ಆಟವೂ ಅಲ್ಲಿಗೇ ನಿಂತಿತು. ತುಂಬಿದ್ದು ತಮ್ಮ ಬಾಯಿಗೇ ಬಂದರೆ?

ಬೆಸ ಸಂಖ್ಯೆ ಬಂದರೆ ಉಳಿದ ಒಂದು ನನಗೆ. ಅದಕ್ಕೆ ಮಾತ್ರ ಇಬ್ಬರೂ ಸೇರಿ ಇನ್ನೂ ತಕರಾರು ಮಾಡುತ್ತಿದ್ದಾರೆ.