ಡೆಕ್ ಹ್ಯಾಚ್ ಬದಲಿಸುತ್ತೀರಾ? ಸೀಲೆಂಟ್ ಆಮೇಲೆ, ಮೊದಲು ಡೆಕ್ ನೋಡಿ

ಹಾಯಿದೋಣಿಯ ಹ್ಯಾಚ್, ಅಂದರೆ ಡೆಕ್ ಎಂಬ ಮೇಲ್ಹಾಸಿನಲ್ಲಿರುವ ಮುಚ್ಚಳದ ಕಿಂಡಿ, ಸೋರುತ್ತಿದೆ ಅಂದ ಕೂಡಲೇ ಎಲ್ಲರ ಕೈಯೂ ಸೀಲೆಂಟ್ (ಸಂದು ಮುಚ್ಚುವ ಅಂಟು) ಟ್ಯೂಬಿಗೇ ಹೋಗುತ್ತದೆ. ನನ್ನದೂ ಹೋಗಿತ್ತು. ಹೊಸ ಹ್ಯಾಚ್ ತಂದೆ, ಇಡೀ ಟ್ಯೂಬ್ ಖಾಲಿ ಮಾಡಿದೆ, ಬೋಲ್ಟ್‌ಗಳನ್ನು ಮೈಯೆಲ್ಲ ಬಲ ಹಾಕಿ ಬಿಗಿದೆ. ಮೊದಲ ಮಳೆಗೇ ದಿಂಬು ಒದ್ದೆ.

ತಪ್ಪು ಸೀಲೆಂಟಿನದಲ್ಲ. ಡೆಕ್ ಕಣ್ಣಿಗೆ ಸಪಾಟಾಗಿ ಕಂಡರೂ ನೀರು ಹರಿದುಹೋಗಲೆಂದು ಅದಕ್ಕೆ ಸಣ್ಣ ಉಬ್ಬು ಇರುತ್ತದೆ. ಅದರ ಮೇಲೆ ನೇರವಾದ ಅಲ್ಯೂಮಿನಿಯಂ ಚೌಕಟ್ಟನ್ನು ಬಿಗಿದರೆ ಚೌಕಟ್ಟೇ ತಿರುಚಿಕೊಳ್ಳುತ್ತದೆ, ಮುಚ್ಚಳದ ಒಂದು ಮೂಲೆ ರಬ್ಬರ್ ಮೇಲೆ ಸರಿಯಾಗಿ ಕೂರುವುದಿಲ್ಲ. ಆಮೇಲೆ ಎಷ್ಟು ಟ್ಯೂಬ್ ಸುರಿದರೂ ಅಷ್ಟೇ.

ಕೊಳ್ಳುವ ಮುಂಚೆ ಡೆಕ್ಕಿನಲ್ಲಿರುವ ತೂತನ್ನೇ ಅಳೆಯಿರಿ, ಹಳೇ ಹ್ಯಾಚಿನ ಹೊರಗಿನ ಅಳತೆಯನ್ನಲ್ಲ. ಉದ್ದ, ಅಗಲ, ಎರಡೂ ಕರ್ಣ, ಮೂಲೆಗಳ ದುಂಡು ಎಲ್ಲವೂ ಬೇಕು. ಮೂಲೆಯ ದುಂಡನ್ನು ಮರೆಯುವವರೇ ಜಾಸ್ತಿ. ಹಿಂಜ್ ಯಾವ ಕಡೆ ಅನ್ನುವುದನ್ನೂ ಆಗಲೇ ತೀರ್ಮಾನಿಸಿ. ಹಿಂಜ್ ಮುಂದಿದ್ದರೆ ಎದುರಿಂದ ಬರುವ ಅಲೆ ಮುಚ್ಚಳವನ್ನು ತಾನೇ ಮುಚ್ಚುತ್ತದೆ, ಹಿಂದಿದ್ದರೆ ಲಂಗರು ಹಾಕಿದಾಗ ಒಳಗೆ ಒಳ್ಳೆ ಗಾಳಿ ಬರುತ್ತದೆ. ಕಡಲಿಗೆ ಹೋಗುವ ದೋಣಿಯಾದರೆ ನನ್ನ ಆಯ್ಕೆ ಮುಂದೆಯೇ.

ಹಳೇ ಹ್ಯಾಚ್ ತೆಗೆಯಲು ಸಲಾಕೆ ಹಾಕಿ ಮೀಟಬೇಡಿ, ಫೈಬರ್‌ಗ್ಲಾಸ್ ಪದರ ಎದ್ದು ಬರುತ್ತದೆ. ಬೋಲ್ಟ್ ಬಿಚ್ಚಿ, ಅಂಚಿಗೆ ಸ್ವಲ್ಪ ಬಿಸಿ ಕೊಟ್ಟು, ಸಣ್ಣ ತಂತಿಯನ್ನು ಗರಗಸದ ಹಾಗೆ ಎಳೆಯುತ್ತಾ ಹಳೇ ಸೀಲೆಂಟ್ ಕುಯ್ಯಿರಿ. ಹಿಂದಿನವರು ಸಿಲಿಕೋನ್ ಬಳಿದಿದ್ದರೆ ಅದರ ಕುರುಹೂ ಉಳಿಯದ ಹಾಗೆ ಉಜ್ಜಿ ತೆಗೆಯಬೇಕು. ಸಿಲಿಕೋನ್ ಇದ್ದ ಜಾಗಕ್ಕೆ ಬೇರೆ ಯಾವುದೂ ಅಂಟುವುದಿಲ್ಲ.

ಈಗ ತೂತಿನ ಅಂಚನ್ನು ನೋಡಿ. ಹೆಚ್ಚಿನ ಡೆಕ್‌ಗಳಲ್ಲಿ ಎರಡು ಫೈಬರ್‌ಗ್ಲಾಸ್ ಪದರಗಳ ನಡುವೆ ಬಾಲ್ಸಾ ಮರವೋ ಫೋಮೋ ಇರುತ್ತದೆ. ಸ್ಕ್ರೂಡ್ರೈವರ್ ಚುಚ್ಚಿದಾಗ ಮೆತ್ತಗೆ ಒಳಗೆ ಹೋಯಿತೇ? ಹಾಗಾದರೆ ಅದು ಕೊಳೆತಿದೆ, ಗಟ್ಟಿ ಮರ ಸಿಗುವವರೆಗೂ ಕೆರೆದು ತೆಗೆಯಬೇಕು. ಚೆನ್ನಾಗಿದ್ದರೂ ಸುತ್ತಲೂ 10-15 ಮಿಲಿಮೀಟರ್ ಕೆರೆಯಿರಿ, ಪೂರ್ತಿ ಒಣಗಿಸಿ, ಮೊದಲು ತೆಳು ಎಪಾಕ್ಸಿ (ಎರಡು ದ್ರವ ಬೆರೆಸಿದಾಗ ಗಟ್ಟಿಯಾಗುವ ಅಂಟು) ಬಳಿದು ಆಮೇಲೆ ಮಂದ ಮಾಡಿದ ಎಪಾಕ್ಸಿ ತುಂಬಿ. ಬೋಲ್ಟ್ ತೂತುಗಳಿಗೂ ಇದೇ ಉಪಚಾರ. ಮೊದಲು ದೊಡ್ಡದಾಗಿ ಕೊರೆದು, ಎಪಾಕ್ಸಿ ತುಂಬಿ, ಅದು ಗಟ್ಟಿಯಾದ ಮೇಲೆ ಸರಿಯಾದ ಅಳತೆಗೆ ಮತ್ತೆ ಕೊರೆಯಿರಿ. ಆಗ ಮುಂದೆಂದೋ ಒಂದು ಬೋಲ್ಟ್ ಸೋರಿದರೂ ನೀರು ಮರಕ್ಕೆ ಇಳಿಯುವುದಿಲ್ಲ.

ಉಬ್ಬಿಗೆ ಪರಿಹಾರವೂ ಎಪಾಕ್ಸಿಯೇ. ಚೌಕಟ್ಟನ್ನು ಸುಮ್ನೆ ಇಟ್ಟು ನಾಲ್ಕು ಮೂಲೆ ಒತ್ತಿ ನೋಡಿ, ಅಲುಗಾಡಿದರೆ ಅಥವಾ ಕೆಳಗೆ ಸಂದು ಕಂಡರೆ ಹೀಗೆ ಮಾಡಿ: ಚೌಕಟ್ಟಿನ ತಳಕ್ಕೆ ಪ್ಯಾಕಿಂಗ್ ಟೇಪ್ ಅಂಟಿಸಿ, ಉಜ್ಜಿ ಒರಟು ಮಾಡಿದ ಡೆಕ್ ಮೇಲೆ ಮಂದ ಮಾಡಿದ ಎಪಾಕ್ಸಿ ಹಾಕಿ, ಅದರ ಮೇಲೆ ಚೌಕಟ್ಟನ್ನು ತನ್ನ ಭಾರಕ್ಕೆ ತಾನೇ ಕೂರಲು ಬಿಡಿ. ಬೋಲ್ಟ್ ಹಾಕಲೇಬೇಡಿ. ಮಾರನೇ ದಿನ ಟೇಪ್‌ನಿಂದಾಗಿ ಚೌಕಟ್ಟು ಬಿಟ್ಟುಕೊಳ್ಳುತ್ತದೆ, ಕೆಳಗೆ ಅದಕ್ಕೇ ಅಚ್ಚು ಹಾಕಿದಂಥ ಸಪಾಟು ಜಾಗ ತಯಾರಾಗಿರುತ್ತದೆ. ಬೇಸರದ ಕೆಲಸ ನಿಜ, ಆದರೆ ಅರ್ಧ ಗೆಲುವು ಇಲ್ಲೇ ಇದೆ.

ಚೌಕಟ್ಟು ಮತ್ತು ಡೆಕ್ ನಡುವೆ ಬ್ಯೂಟೈಲ್ ಟೇಪ್ (ಒಣಗದೆ ಮೆತ್ತಗೇ ಉಳಿಯುವ ಅಂಟುಪಟ್ಟಿ) ಆಗುತ್ತದೆ, ದೋಣಿಗೆಂದೇ ಮಾಡಿದ ಪಾಲಿಸಲ್ಫೈಡ್ ಅಥವಾ ಪಾಲಿಯುರೆಥೇನ್ ಸೀಲೆಂಟ್ ಕೂಡ ಆಗುತ್ತದೆ. ಶಾಶ್ವತವಾಗಿ ಹಿಡಿಯುವ ಅಂಟು ಮಾತ್ರ ಬೇಡ, ಈ ಹ್ಯಾಚನ್ನೂ ಒಂದು ದಿನ ಯಾರಾದರೂ ಬಿಚ್ಚಲೇಬೇಕಲ್ವಾ? ಪಾಲಿಸಲ್ಫೈಡ್ ಆಗಲಿ ಪಾಲಿಯುರೆಥೇನ್ ಆಗಲಿ ಮುಚ್ಚಳದ ಪಾರದರ್ಶಕ ಪ್ಲಾಸ್ಟಿಕ್ಕಿಗೆ, ಅಂದರೆ ಅಕ್ರಿಲಿಕ್ಕಿಗೆ, ತಾಗದಿರಲಿ. ಅಂಟು ಒರೆಸುವ ದ್ರಾವಕ ಅಸಿಟೋನ್ ಅಂತೂ ಹತ್ತಿರವೂ ಸುಳಿಯಬಾರದು, ಅಕ್ರಿಲಿಕ್ ಒಳಗೆ ಕೂದಲೆಳೆಯಂಥ ಬಿರುಕು ಮೂಡುತ್ತವೆ.

ಕೂರಿಸುವ ದಿನ ಒಬ್ಬರು ಜೊತೆಗಿರಲಿ. ಬೋಲ್ಟ್ ತೂತುಗಳ ಬಾಯಿಯನ್ನು ಸ್ವಲ್ಪ ಅಗಲ ಮಾಡಿದರೆ ಅಲ್ಲಿ ಸೀಲೆಂಟಿನ ಉಂಗುರ ನಿಲ್ಲುತ್ತದೆ. ಸುತ್ತ ಮಾಸ್ಕಿಂಗ್ ಟೇಪ್ ಹಾಕಿ, ಎಲ್ಲೂ ಕಡಿಯದ ಹಾಗೆ ಸೀಲೆಂಟ್ ಎಳೆದು, ಪ್ರತಿ ತೂತಿನ ಸುತ್ತಲೂ ಒಂದು ಸುತ್ತು ಕೊಡಿ. ಸ್ಟೇನ್‌ಲೆಸ್ ಬೋಲ್ಟ್ ಅಲ್ಯೂಮಿನಿಯಂಗೆ ತಾಗಿ ಉಪ್ಪುನೀರೂ ಸೇರಿದರೆ ಅಲ್ಯೂಮಿನಿಯಂ ಬಿಳಿ ಪುಡಿಯಾಗಿ ಸವೆಯುತ್ತದೆ, ಅದಕ್ಕೆ ಬೋಲ್ಟಿಗೆ ಡ್ಯುರಾಲಾಕ್ ಅಥವಾ ಟೆಫ್-ಜೆಲ್‌ನಂಥ, ಈ ಸವೆತ ತಡೆಯುವ ಪೇಸ್ಟ್ ಸವರಿ. ಮೇಲಿನವರು ಬೋಲ್ಟ್ ತಿರುಗದಂತೆ ಹಿಡಿಯಬೇಕು, ಕೆಳಗಿನವರು ನಟ್ ಮಾತ್ರ ತಿರುಗಿಸಬೇಕು. ಎದುರುಬದುರು ಮೂಲೆಗಳಿಂದ ಸ್ವಲ್ಪ ಸ್ವಲ್ಪವೇ ಬಿಗಿಯಿರಿ. ಸೀಲೆಂಟ್ ಸುತ್ತಲೂ ಹೊರಗೆ ಉಕ್ಕಿದರೆ ಸಾಕು, ಕೆಳಗೆ ಒಂದೆರಡು ಮಿಲಿಮೀಟರ್ ಪದರ ಉಳಿಯಲೇಬೇಕು. ನಾನು ಮೊದಲ ಸಲ ಎಲ್ಲವನ್ನೂ ಹಿಂಡಿ ಹೊರಗೆ ಹಾಕಿದ್ದೆ. ಸೀಲೆಂಟ್ ಹಸಿ ಇರುವಾಗಲೇ ಮುಚ್ಚಳ ಮುಚ್ಚಿ, ರಬ್ಬರಿಗೆ ಕಾಗದದ ಚೂರು ಸಿಕ್ಕಿಸಿ ಎಳೆದು ನೋಡಿ. ಸುತ್ತಲೂ ಒಂದೇ ಬಿಗಿ ಇದ್ದರೆ ಚೌಕಟ್ಟು ತಿರುಚಿಲ್ಲ. ಬ್ಯೂಟೈಲ್ ಆದರೆ ಒಂದೇ ಸಲಕ್ಕೆ ಬಿಗಿಯಬೇಡಿ, ಮುಂದಿನ ಕೆಲವು ದಿನ ದಿನಕ್ಕಿಷ್ಟು ಅಂತ ಬಿಗಿಯುತ್ತಾ ಹೋಗಿ.

ಪಾಲಿಯುರೆಥೇನ್ ಗಾಳಿಯ ತೇವದಿಂದ ಹೊರಗಿನಿಂದ ಒಳಕ್ಕೆ ಗಟ್ಟಿಯಾಗುತ್ತದೆ, ದಿನಕ್ಕೆ ಹೆಚ್ಚುಕಡಿಮೆ 2-3 ಮಿಲಿಮೀಟರ್. ಅಗಲದ ಚೌಕಟ್ಟಾದರೆ ಒಂದು ವಾರವಾದರೂ ಮುಟ್ಟಬೇಡಿ. ಆಮೇಲೆ ಪೈಪಿನಿಂದ ನೀರು ಬಿಡಿ, ತಗ್ಗಿನ ಅಂಚಿನಿಂದ ಶುರುಮಾಡಿ ನಿಧಾನವಾಗಿ ಮೇಲಕ್ಕೆ, ಮುಚ್ಚಳದ ರಬ್ಬರಿಗೆ ಕೊನೆಯಲ್ಲಿ. ಒಮ್ಮೆಲೇ ಎಲ್ಲ ಕಡೆ ಸುರಿದರೆ ಎಲ್ಲಿಂದ ಬಂತು ಅಂತ ಗೊತ್ತಾಗುವುದಿಲ್ಲ. ಒಳಗೆ ಒಬ್ಬರು ಟಾರ್ಚ್ ಹಿಡಿದು ಕೂತಿರಲಿ. ಒಳಗಿನ ಅಲಂಕಾರದ ಪಟ್ಟಿಯನ್ನು ಎರಡು ಮೂರು ಜೋರು ಮಳೆ ಕಳೆಯುವವರೆಗೂ ಹಾಕಬೇಡಿ.