ಅಡುಗೆಮನೆಯನ್ನು ಮೊದಲು ನೆಲದ ಮೇಲೆ ಬರೆಯಿರಿ

ಹೊಸ ಮನೆ ಕಟ್ಟಿಸಿದವರು ಅಡುಗೆಮನೆಗೆ ಕರೆದೊಯ್ದು ಮೊದಲು ತೋರಿಸುವುದು ಕಪಾಟಿನ ಬಣ್ಣ. ಚೆಂದವೇ ಇರುತ್ತದೆ. ನಾನು ಸುಮ್ನೆ ಹೋಗಿ ಫ್ರಿಜ್ ಬಾಗಿಲು ಎಳೆಯುತ್ತೇನೆ. ಅದು ಅರ್ಧ ತೆರೆದು ಗೋಡೆಗೆ ಠಕ್ ಎಂದು ತಾಗುತ್ತದೆ. ಒಳಗಿನ ತರಕಾರಿ ಡಬ್ಬ ಹೊರಗೆ ಬರುವುದಿಲ್ಲ. ‘ಅದೊಂದು ಸಣ್ಣ ತೊಂದರೆ’ ಎನ್ನುತ್ತಾರೆ. ದಿನಕ್ಕೆ ಇಪ್ಪತ್ತು ಸಲ ಎದುರಾಗುವುದು ಸಣ್ಣದು ಹೇಗಾದೀತು?

ನಾನೇನು ಜಾಣನಾಗಿರಲಿಲ್ಲ. ನನ್ನ ಮೊದಲ ಅಡುಗೆಮನೆಯಲ್ಲಿ ಮಿಕ್ಸರ್‌ಗೆಂದು ಇದ್ದ ಒಂದೇ ಪ್ಲಗ್ ಸಿಂಕಿನ ನೆತ್ತಿಯ ಮೇಲಿತ್ತು. ಆರು ವರ್ಷ ಪ್ರತಿ ಸಲ ಒದ್ದೆ ಕೈ ಒರೆಸಿಕೊಂಡೇ ಸ್ವಿಚ್ ಮುಟ್ಟಿದೆ. ಆಗ ನಾನೂ ಬಣ್ಣದಿಂದಲೇ ಶುರು ಮಾಡಿದ್ದೆ.

ಹೆಜ್ಜೆ 1: ಅಳತೆ

ಕೋಣೆಯ ಉದ್ದ, ಅಗಲವನ್ನು ಮೂರು ಎತ್ತರದಲ್ಲಿ ಅಳೆಯಿರಿ: ನೆಲದ ಹತ್ತಿರ, ಸೊಂಟದ ಮಟ್ಟದಲ್ಲಿ, ತಲೆಯ ಮೇಲೆ. ಮೂರೂ ಒಂದೇ ಬಂದರೆ ನಿಮ್ಮ ಅದೃಷ್ಟ. ಬರದಿದ್ದರೆ ಚಿಕ್ಕದ್ದನ್ನೇ ಲೆಕ್ಕಕ್ಕೆ ಹಿಡಿಯಿರಿ. ಮೂಲೆಯಿಂದ ಮೂಲೆಗೆ ಅಡ್ಡಡ್ಡ ಎರಡು ಅಳತೆ ತೆಗೆಯಿರಿ. ಎರಡೂ ಸಮ ಇಲ್ಲದಿದ್ದರೆ ಗೋಡೆಗಳು ಮೂಲೆಮಟ್ಟದಲ್ಲಿಲ್ಲ ಎಂದರ್ಥ. ಕಿಟಕಿಯ ಕೆಳ ಅಂಚಿನ ಎತ್ತರ, ಬಾಗಿಲು ತೆರೆಯುವ ದಿಕ್ಕು, ನೀರು ಬರುವ ಮತ್ತು ಹೋಗುವ ಪೈಪು ಇವನ್ನೂ ಬರೆದುಕೊಳ್ಳಿ. ಕಿಟಕಿ ಒಳಕ್ಕೆ ತೆರೆಯುವುದಾದರೆ ಅದರ ಕೆಳಗೆ ಎತ್ತರದ ನಲ್ಲಿ ಬೇಡ. ಟೈಲ್ಸ್ ಹಾಕಿದ ಮೇಲೆ ಮತ್ತೊಮ್ಮೆ ಅಳೆಯಬೇಕು. ಟೈಲ್ಸ್ ಮತ್ತು ಅದರ ಹಿಂದಿನ ಗಾರೆ ಎರಡೂ ಕಡೆಯಿಂದ ಜಾಗ ತಿಂದಿರುತ್ತವೆ.

ಹೆಜ್ಜೆ 2: ಮೂರು ಜಾಗ

ಸಿಂಕ್, ಒಲೆ, ಫ್ರಿಜ್ ಈ ಮೂರೂ ಒಂದು ತ್ರಿಕೋನದಲ್ಲಿರಬೇಕು ಎಂಬ ಮಾತು ಕೇಳಿರುತ್ತೀರಿ. 1940ರ ದಶಕದಲ್ಲಿ ಅಮೆರಿಕದ ಇಲಿನಾಯ್ ವಿಶ್ವವಿದ್ಯಾಲಯದಲ್ಲಿ ನಡೆದ ಕೆಲಸದಿಂದ ಹಬ್ಬಿದ ಸೂತ್ರ ಇದು. ಒಂದೊಂದು ಬದಿ 4ರಿಂದ 9 ಅಡಿ, ಮೂರೂ ಸೇರಿ 13ರಿಂದ 26 ಅಡಿ. ಸೂತ್ರ ತಪ್ಪಲ್ಲ. ಆದರೆ ನಾನು ಅದಕ್ಕಿಂತ ಜಾಸ್ತಿ ನೋಡುವುದು ಖಾಲಿ ಕಟ್ಟೆಯನ್ನು. ಸಿಂಕ್ ಮತ್ತು ಒಲೆಯ ನಡುವೆ ಕನಿಷ್ಠ 3 ಅಡಿ ಖಾಲಿ ಜಾಗ ಇರಲೇಬೇಕು. ಕೆಲಸವೆಲ್ಲ ನಡೆಯುವುದು ಅಲ್ಲೇ. ಫ್ರಿಜ್ ಪಕ್ಕದಲ್ಲೂ ಸುಮಾರು 15 ಇಂಚು ಬಿಡಿ. ಕೈತುಂಬ ಸಾಮಾನು ತೆಗೆದವರು ಅದನ್ನು ಎಲ್ಲಿಡಬೇಕು?

ಜಾಗ ಕಡಿಮೆ ಎಂದು ಗೊಣಗುವವರಿಗೆ ಒಂದು ಸುದ್ದಿ. 1926ರಲ್ಲಿ ಆಸ್ಟ್ರಿಯಾದ ವಾಸ್ತುಶಿಲ್ಪಿ ಮಾರ್ಗರೆಟೆ ಶೂಟೆ-ಲಿಹೋಟ್ಸ್ಕಿ ಜರ್ಮನಿಯ ಫ್ರಾಂಕ್‌ಫರ್ಟ್ ನಗರದ ಮನೆಗಳಿಗೆಂದು ರೂಪಿಸಿದ ‘ಫ್ರಾಂಕ್‌ಫರ್ಟ್ ಅಡುಗೆಮನೆ’ ಸುಮಾರು 1.9 ಮೀಟರ್ ಅಗಲ, 3.4 ಮೀಟರ್ ಉದ್ದ ಇತ್ತು, ಅಷ್ಟೇ. ರೈಲಿನ ಊಟದ ಬೋಗಿಯ ಅಡುಗೆಮನೆ ಆಕೆಗೆ ಮಾದರಿ. ಅಲ್ಲಿಯವರೆಗೆ ತಾನು ಅಡುಗೆಯನ್ನೇ ಮಾಡಿರಲಿಲ್ಲ ಎಂದು ಮುಂದೆ ಆಕೆಯೇ ಹೇಳಿಕೊಂಡಿದ್ದುಂಟು. ಅಡುಗೆಯವರು ಇಡುವ ಹೆಜ್ಜೆಯನ್ನು, ತಗಲುವ ಹೊತ್ತನ್ನು ಲೆಕ್ಕ ಹಾಕಿ ಗೆದ್ದಳು. ಮುಂದಿನ ಹೆಜ್ಜೆಯಲ್ಲಿ ನೀವು ಮಾಡಬೇಕಾದದ್ದೂ ಅದನ್ನೇ.

ಹೆಜ್ಜೆ 3: ಸೀಮೆಸುಣ್ಣ

ಜನ ಎಡವುವುದು ಇಲ್ಲೇ. ಕಂಪ್ಯೂಟರಿನಲ್ಲಿ ಮೂಡಿದ ಬಣ್ಣದ ಚಿತ್ರ ನೋಡಿ ‘ಹೂಂ’ ಎಂದುಬಿಡುತ್ತಾರೆ. ಆ ಚಿತ್ರದಲ್ಲಿ ಯಾರೂ ಅಡುಗೆ ಮಾಡುತ್ತಿರುವುದಿಲ್ಲ, ಒಂದು ಬಾಗಿಲೂ ತೆರೆದಿರುವುದಿಲ್ಲ.

ಖಾಲಿ ಕೋಣೆಯ ನೆಲದ ಮೇಲೆ ಸೀಮೆಸುಣ್ಣದಲ್ಲಿ ಇಡೀ ಅಡುಗೆಮನೆಯನ್ನು ಅಸಲಿ ಅಳತೆಯಲ್ಲಿ ಬರೆಯಿರಿ. ಸೀಮೆಸುಣ್ಣ ಅಳಿಸಿಹೋಗುವುದಾದರೆ ಕಾಗದದ ಟೇಪು ಅಂಟಿಸಿ. ಕಟ್ಟೆಯ ಅಗಲ 24 ಇಂಚು. ಫ್ರಿಜ್ಜಿನ ಅಳತೆ ಅಂದಾಜಲ್ಲ, ನೀವು ಕೊಳ್ಳುವ ಮಾಡೆಲ್‌ನದ್ದೇ ಆಗಬೇಕು. ಸುತ್ತ ಗಾಳಿಯಾಡಲು ಎಷ್ಟು ಬಿಡಬೇಕೆಂದು ಅದರ ಕೈಪಿಡಿಯಲ್ಲಿರುತ್ತದೆ, ಅದನ್ನೂ ಸೇರಿಸಿ. ಈಗ ಮುಖ್ಯ ಕೆಲಸ: ಪ್ರತಿ ಬಾಗಿಲನ್ನೂ ತೆರೆದ ಸ್ಥಿತಿಯಲ್ಲಿ ಬರೆಯಿರಿ. ಡ್ರಾಯರ್ ಪೂರ್ತಿ ಎಳೆದರೆ ಸುಮಾರು 20 ಇಂಚು ಮುಂದೆ ಬರುತ್ತದೆ. ಓವನ್ ಬಾಗಿಲು ಕೆಳಕ್ಕೆ ಬೀಳುತ್ತದೆ. ಮೂಲೆಯಲ್ಲಿ ಎರಡು ಡ್ರಾಯರ್ ಎದುರಾದರೆ ಒಂದರ ಹಿಡಿ ಇನ್ನೊಂದಕ್ಕೆ ಬಡಿಯುತ್ತದೆ. ಇದು ಗೆರೆ ಎಳೆದಾಗಲೇ ಕಣ್ಣಿಗೆ ಬೀಳುವುದು.

ರಟ್ಟಿನ ಡಬ್ಬಗಳನ್ನು ಪೇರಿಸಿ ಕಟ್ಟೆಯ ಎತ್ತರ ಮಾಡಿ. ಆಮೇಲೆ ‘ಅಡುಗೆ’ ಮಾಡಿ. ನಗಬೇಡಿ. ದಿನಾ ಒಲೆ ಮುಂದೆ ನಿಲ್ಲುವವರೇ ಇದನ್ನು ಮಾಡಬೇಕು, ದುಡ್ಡು ಕೊಡುವವರಲ್ಲ. ಪಾತ್ರೆ ತೆಗೆಯಿರಿ, ನಲ್ಲಿಯಲ್ಲಿ ತುಂಬಿಸಿ, ಒಲೆಗಿಡಿ. ತುಂಬಿದ ಪಾತ್ರೆ ಹಿಡಿದು ಎಷ್ಟು ಹೆಜ್ಜೆ ಹಾಕಿದಿರಿ? ಈಗ ಅದೇ ಪಾತ್ರೆ ಸುಡುತ್ತಿದೆ, ಎರಡೂ ಕೈಯಲ್ಲಿ ಬಟ್ಟೆ ಹಿಡಿದು ಇಳಿಸಿದ್ದೀರಿ. ಎಲ್ಲಿಡುತ್ತೀರಿ? ಉತ್ತರ ತಕ್ಷಣ ಬರದಿದ್ದರೆ ಒಲೆಯ ಪಕ್ಕ ಜಾಗ ಸಾಲದು. ತರಕಾರಿ ಸಿಪ್ಪೆ ಯಾವ ಬುಟ್ಟಿಗೆ, ಆ ಬುಟ್ಟಿ ಎಲ್ಲಿ? ಒಗ್ಗರಣೆ ಹೊತ್ತಿನಲ್ಲಿ ಯಾರೋ ನೀರು ಕುಡಿಯಲು ಬಂದರು. ಅವರು ನಿಮ್ಮ ಬೆನ್ನ ಹಿಂದೆ ಹಾಯ್ದರೇ, ಮುಂದೆ ನುಗ್ಗಿದರೇ? ಒಬ್ಬರೇ ಅಡುಗೆ ಮಾಡುವ ಮನೆಗೆ ಓಡಾಟದ ದಾರಿ 42 ಇಂಚು, ಇಬ್ಬರಿದ್ದರೆ 48 ಇಂಚು ಇದ್ದರೆ ಒಳ್ಳೆಯದು.

ಗೆಳೆಯನೊಬ್ಬನ ಮನೆಯಲ್ಲಿ ಈ ನಾಟಕ ಮಾಡಿದಾಗ ನಡುವಿನ ಕಟ್ಟೆಯ ಆಸೆ ಹತ್ತೇ ನಿಮಿಷದಲ್ಲಿ ಕರಗಿತು. ಅವನ ಹೆಂಡತಿ ಮೂರು ಸಲ ರಟ್ಟಿನ ಡಬ್ಬಕ್ಕೆ ಸೊಂಟ ಬಡಿಸಿಕೊಂಡು, ನಾಲ್ಕನೇ ಸಲಕ್ಕೆ ಡಬ್ಬವನ್ನೇ ಒದ್ದು ಹೊರಗೆ ಹಾಕಿದರು. ಕಲ್ಲಿನ ಕಟ್ಟೆಯನ್ನು ಹಾಗೆ ಒದೆಯಲಾಗುತ್ತದೆಯೇ?

ಹೆಜ್ಜೆ 4: ಗೋಡೆಯ ಮೇಲೆ ಪಾಯಿಂಟು

ಅದೇ ಸೀಮೆಸುಣ್ಣ ಗೋಡೆಗೂ ಬೇಕು. ಮನೆಯಲ್ಲಿರುವ ಯಂತ್ರಗಳ ಪಟ್ಟಿ ಮಾಡಿ, ಒಂದೊಂದರ ಹೆಸರನ್ನೂ ಅದರ ಜಾಗದಲ್ಲಿ ಗೋಡೆಯ ಮೇಲೇ ಬರೆಯಿರಿ: ಮಿಕ್ಸರ್, ನೀರಿನ ಫಿಲ್ಟರ್, ಓವನ್, ಚಿಮ್ನಿ. ಎರಡು ಪ್ಲಗ್ ಜಾಸ್ತಿಯೇ ಇರಲಿ. ಸಿಂಕಿನ ಮೇಲೆ, ಒಲೆಯ ಹಿಂದೆ ಪ್ಲಗ್ ಬೇಡವೇ ಬೇಡ. ಫ್ರಿಜ್ಜಿನ ಪ್ಲಗ್ ಅದರ ಬೆನ್ನ ಹಿಂದೆ ಅಡಗಬಾರದು, ಪಕ್ಕದಿಂದ ಕೈಗೆ ಸಿಗಬೇಕು. ಓವನ್, ಇಂಡಕ್ಷನ್‌ನಂಥ ಭಾರಿ ಕರೆಂಟ್ ಎಳೆಯುವವಕ್ಕೆ ಬೇರೆ ಬೇರೆ ಲೈನ್ ಹಾಕಿಸಿ. ‘ಆಮೇಲೆ ಎಕ್ಸ್‌ಟೆನ್ಷನ್ ಬಾಕ್ಸ್ ಹಾಕ್ಕೊಂಡ್ರಾಯ್ತು’ ಎನ್ನುವ ಎಲೆಕ್ಟ್ರಿಷಿಯನ್ ಸಿಕ್ಕರೆ ಬೇರೊಬ್ಬರನ್ನು ಹುಡುಕಿ.

ದೀಪವೂ ಈಗಲೇ. ಚಾವಣಿಯ ನಡುವಿನ ಒಂದೇ ದೀಪ ಬೆನ್ನ ಹಿಂದಿರುತ್ತದೆ, ನಿಮ್ಮ ನೆರಳು ಚಾಕುವಿನ ಮೇಲೆಯೇ ಬೀಳುತ್ತದೆ. ಮೇಲಿನ ಕಪಾಟಿನ ಅಡಿಯಲ್ಲಿ, ಮುಂದಿನ ಅಂಚಿನ ಹತ್ತಿರ ದೀಪದ ಪಟ್ಟಿ ಹಾಕಿಸಿ.

ಗಾರೆ ಮುಚ್ಚುವ ಮೊದಲು ಪ್ರತಿ ಗೋಡೆಯ ಫೋಟೊ ತೆಗೆದಿಡಿ. ಅಳತೆ ಟೇಪು ಚಿತ್ರದಲ್ಲಿ ಕಾಣಲಿ. ಮುಂದೊಂದು ದಿನ ಮೊಳೆ ಹೊಡೆಯುವಾಗ ಪೈಪು ಎಲ್ಲಿದೆ ಎಂದು ತಿಳಿಯುವುದು ಅದರಿಂದಲೇ.

ಹೆಜ್ಜೆ 5: ಎತ್ತರ

ಕಟ್ಟೆ ಸಾಮಾನ್ಯವಾಗಿ 36 ಇಂಚು ಎತ್ತರ. ಅದನ್ನು ಕಣ್ಣು ಮುಚ್ಚಿ ಒಪ್ಪಬೇಡಿ. ಅಡುಗೆ ಮಾಡುವವರು ನೆಟ್ಟಗೆ ನಿಂತು ಮೊಣಕೈ ಮಡಚಲಿ. ಅಲ್ಲಿಂದ 4ರಿಂದ 6 ಇಂಚು ಕೆಳಗೆ ಅವರ ಕಟ್ಟೆ. ಒಲೆ ಕಟ್ಟೆಯ ಮೇಲೆ ಕೂರುವುದಾದರೆ ಆ ಭಾಗವನ್ನು ಇನ್ನೊಂದಿಷ್ಟು ತಗ್ಗಿಸಿ, ಇಲ್ಲದಿದ್ದರೆ ದೊಡ್ಡ ಪಾತ್ರೆಯ ತಳ ನೋಡಲು ಕುತ್ತಿಗೆ ಚಾಚಬೇಕಾಗುತ್ತದೆ. ಮೇಲಿನ ಕಪಾಟು ಕಟ್ಟೆಯಿಂದ 18 ಇಂಚು ಮೇಲಿರಲಿ, ಒಳಗಿನ ಆಳ 12 ಇಂಚು ಸಾಕು.

ಹೆಜ್ಜೆ 6: ಕಪಾಟು, ಕಲ್ಲು

ಕಟ್ಟೆಯ ಕೆಳಗೆ ಬಾಗಿಲಿನ ಕಪಾಟು ಬೇಡ, ಡ್ರಾಯರ್ ಮಾಡಿಸಿ. ಮಂಡಿಯೂರಿ ಕತ್ತಲಲ್ಲಿ ತಡಕಾಡುವುದು ತಪ್ಪುತ್ತದೆ. ಇದರಲ್ಲಿ ನಾನು ರಾಜಿ ಆಗುವುದಿಲ್ಲ. ದುಡ್ಡು ಉಳಿಸಬೇಕಿದ್ದರೆ ಹೊರಗಿನ ಹೊಳಪಿನಲ್ಲಿ ಉಳಿಸಿ, ಹಿಂಜ್ ಮತ್ತು ಡ್ರಾಯರ್ ಚಾನೆಲ್‌ನಲ್ಲಲ್ಲ. ಸಿಂಕಿನ ಕೆಳಗೆ ಪಾರ್ಟಿಕಲ್ ಬೋರ್ಡ್ ಹಾಕಿಸಿದರೆ ಒಂದು ಸೋರಿಕೆ ಸಾಕು, ರೊಟ್ಟಿಯಂತೆ ಉಬ್ಬುತ್ತದೆ. ಸಿಂಕಿನ ತಗಡಿಗೆ ಗೇಜ್ ಸಂಖ್ಯೆ ಕಡಿಮೆ ಇದ್ದಷ್ಟೂ ದಪ್ಪ ಜಾಸ್ತಿ, ಅಂಗಡಿಯಲ್ಲಿ ಉಲ್ಟಾ ಹೇಳಿದರೆ ನಂಬಬೇಡಿ. ಕಟ್ಟೆಗೆ ಅಮೃತಶಿಲೆ ಬೇಡ, ನಿಂಬೆರಸ ಬಿದ್ದಲ್ಲಿ ಕಲೆ ಕೂರುತ್ತದೆ. ಕ್ವಾರ್ಟ್ಜ್ ಎಂದು ಮಾರುವುದರಲ್ಲಿ ಅಂಟು ಇರುತ್ತದೆ, ಬಿಸಿ ಪಾತ್ರೆ ನೇರ ಇಟ್ಟರೆ ಹಾಳಾಗುತ್ತದೆ. ನನ್ನ ಮತ ಗ್ರಾನೈಟಿಗೆ.

ಇದೆಲ್ಲ ತೀರ್ಮಾನವಾದ ಮೇಲೆ, ಕೆಲಸ ಶುರುವಾಗುವ ಮೊದಲು, ಎಲ್ಲವನ್ನೂ ಕಾಗದಕ್ಕಿಳಿಸಿ ಆ ನಕ್ಷೆಯ ಮೂರು ಪ್ರತಿ ಮಾಡಿ ಪ್ಲಂಬರ್, ಎಲೆಕ್ಟ್ರಿಷಿಯನ್, ಬಡಗಿ ಮೂವರಿಗೂ ಕೊಡಿ. ಮೂರರ ಮೇಲೂ ಒಂದೇ ತಾರೀಖು ಇರಲಿ. ಹಳೆಯ ನಕ್ಷೆ ಹಿಡಿದು ಕೆಲಸ ಮಾಡಿದವರಿಂದ ಎರಡು ಸಲ ಗೋಡೆ ಒಡೆಸಿದ್ದನ್ನು ನೋಡಿದ್ದೇನೆ.

ಬಣ್ಣ ಈಗ ಆರಿಸಿ. ಹೊಳೆಯುವ ಕಪ್ಪು ಮಾತ್ರ ಬೇಡ, ಮನೆಮಂದಿಯ ಬೆರಳಚ್ಚು ಒಂದೊಂದೂ ಎದ್ದು ಕಾಣುತ್ತದೆ.